ಕಾಫಿ ಡಬ್ಬಿಯೊಳಗಿನ ಬಿಳಿ ಹೂಗಳು

ರಜೆ, ಕಡಲು, ಹದಿಹರೆಯ, ದೇವರು. ಇಷ್ಟನ್ನೂ ಒಂದೇ ಪುಸ್ತಕದಲ್ಲಿ ಹಿಡಿದಿಡುವ ಅಮೆರಿಕದ ಕ್ರೈಸ್ತ ಪ್ರೇಮಕಥೆಗಳು ಓದಲು ಹಗುರ. ಆ ಹಗುರದ ಬೆನ್ನಿಗೆ ನೂರೈವತ್ತು ವರ್ಷಗಳ ಕಥೆಯಿದೆ.

ಬೇಸಿಗೆ ರಜೆ ಮುಗಿದಿದೆ. ಕಡಲೂರಿನಿಂದ ತನ್ನೂರಿಗೆ ಹೊರಟ ಹುಡುಗಿಗೆ ನಡುರಸ್ತೆಯಲ್ಲಿ ಹುಡುಗನೊಬ್ಬ ಬಿಳಿ ಕಾರ್ನೇಷನ್ ಹೂಗಳ ಗೊಂಚಲು ಕೊಡುತ್ತಾನೆ. ಜೊತೆಗೆ ಅವಳ ಬಾಳಿನ ಮೊದಲ ಮುತ್ತು. ಹೂ ಬಾಡುತ್ತದೆ, ಒಣಗುತ್ತದೆ, ಮುಟ್ಟಿದರೆ ಪುಡಿಯಾಗುವಷ್ಟು ಹಗುರಾಗುತ್ತದೆ. ಆದರೂ ಅವಳಿಗೆ ಎಸೆಯಲು ಮನಸ್ಸು ಬಾರದು. ಖಾಲಿಯಾದ ಫೋಲ್ಜರ್ಸ್ ಕಾಫಿ ಡಬ್ಬಿಯೊಂದರಲ್ಲಿ ತುಂಬಿ ಇಟ್ಟುಕೊಳ್ಳುತ್ತಾಳೆ.

ರಾಬಿನ್ ಜೋನ್ಸ್ ಗನ್ ಬರೆದ, 1988ರಲ್ಲಿ ಬಂದ ‘ಸಮ್ಮರ್ ಪ್ರಾಮಿಸ್’ ಕಾದಂಬರಿಯ ನಾಯಕಿ ಕ್ರಿಸ್ಟಿ ಮಿಲ್ಲರ್ ಈ ಹುಡುಗಿ. ಆ ಕಾದಂಬರಿಯಿಂದ ಶುರುವಾದ ಸರಣಿಯನ್ನು ಓದಿ ಬೆಳೆದವರ ನಡುವೆ ಕಾಫಿ ಡಬ್ಬಿಯ ಮಾತೆತ್ತಿದರೆ ಸಾಕು, ಬೇರೆ ಪರಿಚಯ ಬೇಕಾಗುವುದಿಲ್ಲ.

ಸಾಹಿತ್ಯದ ಮಾತುಕತೆಯಲ್ಲಿ ‘ಹಗುರ’ ಎಂಬ ಪದವನ್ನು ನಾವು ಬೈಗುಳದಂತೆ ಬಳಸುತ್ತೇವೆ. ರಜೆಯಲ್ಲಿ ಓದಿ ಮರೆಯುವ ಪುಸ್ತಕ, ಅದರಲ್ಲೂ ಪ್ರೇಮಕಥೆ, ಅದರಲ್ಲೂ ಧರ್ಮದ ಮಾತಿರುವ ಪ್ರೇಮಕಥೆ ಎಂದರೆ ವಿಮರ್ಶೆಯ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಈ ಕಾದಂಬರಿಗಳನ್ನು ಓದುತ್ತ ಹೋದಂತೆ ಆ ಪದ ನನಗೆ ಬೇರೆಯಾಗಿಯೇ ಕಾಣತೊಡಗಿತು. ಒಣಗಿದ ಹೂವಿಗೂ ತೂಕವಿಲ್ಲ. ಆದರೆ ಯಾರೋ ಅದನ್ನು ಜೋಪಾನ ಮಾಡಿದ್ದಾರೆ ಎಂದಾದರೆ, ಅದರೊಳಗೆ ಕೊಟ್ಟ ಮಾತೊಂದು ಕೂತಿರುತ್ತದೆ.

ಆ ಬೇಸಿಗೆಯ ಮಾತು

ಕ್ರಿಸ್ಟಿಗೆ ಹದಿನಾಲ್ಕು ವರ್ಷ. ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಿನವಳು. ಬೇಸಿಗೆ ಕಳೆಯಲು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿರುವ ಬಾಬ್ ಅಂಕಲ್, ಮಾರ್ಟಿ ಆಂಟಿಯ ಮನೆಗೆ ಬರುತ್ತಾಳೆ. ಅನುಕೂಲಸ್ಥರ ಮನೆ, ಕಣ್ಣೆದುರಿಗೇ ಸಮುದ್ರ. ಕ್ರಿಸ್ಟಿಯನ್ನು ಹೊಸ ಬಟ್ಟೆ, ಹೊಸ ಕೇಶವಿನ್ಯಾಸದಲ್ಲಿ ಕಡಲೂರಿನ ಹುಡುಗಿಯಾಗಿ ತಿದ್ದಿ ತೀಡುವ ಉಮೇದು ಆಂಟಿಗೆ. ಹೊರಡುವ ಮುಂಚೆ ಕ್ರಿಸ್ಟಿ ಅಪ್ಪ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದಾಳೆ: ಮುಂದೆ ಪಶ್ಚಾತ್ತಾಪ ಪಡುವಂಥದ್ದೇನನ್ನೂ ಈ ರಜೆಯಲ್ಲಿ ಮಾಡುವುದಿಲ್ಲ.

ಪರಸ್ಥಳಕ್ಕೆ ಹೊರಟ ಮಕ್ಕಳು ಹೆತ್ತವರಿಗೆ ಕೊಡುವ ಈ ಮಾತು ಯಾವ ದೇಶಕ್ಕೂ ಹೊಸದಲ್ಲ. ಮಾಡಬಾರದ್ದರ ಪಟ್ಟಿ ಅದರಲ್ಲಿದೆ, ಮಾಡಬೇಕಾದ್ದು ಏನೆಂಬುದು ಇಲ್ಲ. ಪಟ್ಟಿಯೊಂದನ್ನೇ ಹಿಡಿದು ಹೊಸ ಜನರ ನಡುವೆ ನಿಂತಾಗ ಹುಡುಗಿಗೆ ಕಾಲೂರಲು ನೆಲ ಸಿಗುವುದಿಲ್ಲ. ತಾನು ಚೆಲುವೆಯೇ, ಈ ಗುಂಪು ತನ್ನನ್ನು ಸೇರಿಸಿಕೊಳ್ಳುತ್ತದೆಯೇ, ಇಲ್ಲಿ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ, ಈ ಪ್ರಶ್ನೆಗಳಲ್ಲೇ ಅವಳ ಹಗಲುಗಳು ಕಳೆಯುತ್ತವೆ. ಮುಜುಗರಗಳು ಒಂದರ ಹಿಂದೊಂದು ಬರುತ್ತವೆ. ಓದುವವರು ನಗುತ್ತಾರೆ, ಆದರೆ ಆ ನಗುವಿನಲ್ಲಿ ಅವಳ ಮೇಲೆ ಅಕ್ಕರೆಯೇ ಇರುತ್ತದೆ.

ಅಲ್ಲಿ ಸಿಗುವವನು ಟಾಡ್. ಅಲೆಯ ಮೇಲೆ ಹಲಗೆ ಹಿಡಿದು ಆಡುವ ಸರ್ಫರ್. ಮಾತು ಕಡಿಮೆ. ದೇವರ ವಿಷಯ ಬಂದರೆ ಮಾತ್ರ ಪಕ್ಕದಲ್ಲಿ ಕೂತ ಗೆಳೆಯನ ಬಗ್ಗೆ ಹೇಳುವಂತೆ ಸಲೀಸಾಗಿ ಹೇಳುತ್ತಾನೆ. ಅದೇ ಬಳಗದಲ್ಲಿ ಶಾನ್ ಎಂಬ ಇನ್ನೊಬ್ಬನಿದ್ದಾನೆ. ಒಂದು ರಾತ್ರಿ ಪಾರ್ಟಿಯಲ್ಲಿ ನಶೆ ಏರಿಸಿಕೊಂಡು ಕತ್ತಲಲ್ಲಿ ಕಡಲಿಗಿಳಿದ ಶಾನ್ ಸಾಯುತ್ತಾನೆ.

ಹಗುರವಾದ ಬೇಸಿಗೆಯ ಕಥೆ ಎಂದು ಕೈಗೆತ್ತಿಕೊಂಡವರು ಇಲ್ಲಿ ತಟ್ಟನೆ ನಿಲ್ಲುತ್ತಾರೆ. ಹಗಲೆಲ್ಲ ಆಟವಾಡಿಸಿದ ಕಡಲೇ ರಾತ್ರಿ ಒಬ್ಬನನ್ನು ಒಯ್ದಿದೆ. ಹದಿನೈದಕ್ಕೆ ಕಾಲಿಡುತ್ತಿರುವ ಹುಡುಗಿಗೆ ಸಾವಿನ ಪ್ರಶ್ನೆ ಕಟ್ಟಿಕೊಳ್ಳುತ್ತದೆ. ಹುಟ್ಟುಹಬ್ಬಕ್ಕೆ ಗೆಳೆಯರು ಕೊಟ್ಟ ಬೈಬಲ್ ಆಮೇಲೆ ಅವಳ ಕೈಯಲ್ಲಿ ಬರೀ ಉಡುಗೊರೆಯಾಗಿ ಉಳಿಯುವುದಿಲ್ಲ. ಕಾದಂಬರಿ ಮುಗಿಯುವ ಹೊತ್ತಿಗೆ ಅವಳು ಇನ್ನೊಂದು ಮಾತು ಕೊಡುತ್ತಾಳೆ, ಈ ಸಲ ದೇವರಿಗೆ. ತನ್ನ ಹೃದಯವನ್ನು ಪೂರ್ತಿಯಾಗಿ ಒಪ್ಪಿಸುವ ಮಾತು. ಅಪ್ಪ ಅಮ್ಮನಿಗೆ ಕೊಟ್ಟದ್ದು ‘ಮಾಡುವುದಿಲ್ಲ’ ಎಂಬ ಮಾತು, ಈಗ ಕೊಟ್ಟದ್ದು ‘ಕೊಡುತ್ತೇನೆ’ ಎಂಬ ಮಾತು. ಈ ಎರಡರ ನಡುವಿನ ದೂರವೇ ಇಡೀ ಕಾದಂಬರಿ. ಟಾಡ್‌ನ ಮುತ್ತು ಬರುವುದು ಅದಾದ ಮೇಲೆ.

ಗನ್ ಕೂಡ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಗಂಡನ ಜೊತೆ ಚರ್ಚಿನ ಹದಿಹರೆಯದವರ ಬಳಗವನ್ನು ನೋಡಿಕೊಳ್ಳುತ್ತಿದ್ದಾಗ, ಹುಡುಗಿಯರು ಓದುತ್ತಿದ್ದ ಪುಸ್ತಕಗಳನ್ನು ಕಂಡು ಅವರಿಗೆ ಕಳವಳವಾಯಿತು. ಹಾಗಾದರೆ ನಮಗಾಗಿ ನೀವೇ ಬರೆಯಿರಿ ಎಂದು ಹುಡುಗಿಯರು ಹಟ ಹಿಡಿದರು. ಹಲವು ಪ್ರಕಾಶಕರು ಬೇಡವೆಂದ ಮೇಲೆ ಪುಸ್ತಕ ಹೊರಬಂತು. ಮುಂದೆ ಅದು ಹನ್ನೆರಡು ಪುಸ್ತಕಗಳ ಸರಣಿಯಾಗಿ ಬೆಳೆಯಿತು.

ಒಂದೇ ಅಳಿವೆಯ ಎರಡು ದಡ

ಸರ್ಫಿಂಗ್ ಮಾಡುವ ಹುಡುಗ ಯೇಸುವಿನ ಮಾತಾಡುವುದು ಲೇಖಕಿ ಬಲವಂತವಾಗಿ ಅಂಟಿಸಿದ ತೇಪೆ ಎಂದು ಯಾರಿಗಾದರೂ ಅನ್ನಿಸಿದರೆ, ಅವರು ನ್ಯೂಪೋರ್ಟ್ ಬೀಚ್‌ನ ಬಂದರಿನ ಬಾಯಿಯನ್ನು ನೋಡಬೇಕು.

ಅಲ್ಲಿ ಬಾಲ್ಬೋವಾ ಎಂಬ ಉದ್ದನೆಯ ಮರಳದಿಣ್ಣೆ ಕಡಲಿನೊಳಕ್ಕೆ ಚಾಚಿದೆ. 1906ರಲ್ಲಿ ಕಟ್ಟಿದ ಬಾಲ್ಬೋವಾ ಪೆವಿಲಿಯನ್, ಎದುರಿನ ದ್ವೀಪಕ್ಕೆ ಜನರನ್ನೂ ಕಾರುಗಳನ್ನೂ ದಾಟಿಸುವ ಪುಟ್ಟ ಫೆರಿ, ಚಾಕೊಲೇಟಿನಲ್ಲಿ ಅದ್ದಿದ ಹಿಮಗಟ್ಟಿದ ಬಾಳೆಹಣ್ಣು ಮಾರುವ ಅಂಗಡಿಗಳು, ಹೀಗೆ ರಜೆಯ ಸಂತೆಯೇ ಅಲ್ಲಿದೆ. ದಿಣ್ಣೆಯ ತುದಿಯಲ್ಲಿ ಬಂದರಿನ ರಕ್ಷಣೆಗೆಂದು ಕಟ್ಟಿದ ಕಲ್ಲಿನ ತಡೆಗೋಡೆ. ತೆಂಕಣದಿಂದ ಬರುವ ಅಲೆ ಈ ಗೋಡೆಗೆ ಬಡಿದು ಹಿಂದಿರುಗುತ್ತದೆ. ಹಿಂದಿರುಗುವಾಗ ಬೆನ್ನಟ್ಟಿ ಬರುವ ಇನ್ನೊಂದು ಅಲೆಯನ್ನು ಕೂಡಿಕೊಳ್ಳುತ್ತದೆ. ಎರಡೂ ಸೇರಿ ಏಳುವ ನೀರಿನ ಗೋಡೆ ಕೆಲವೊಮ್ಮೆ 30 ಅಡಿ ಮುಟ್ಟುತ್ತದೆ. ‘ದ ವೆಜ್’ ಎಂದು ಕರೆಯುವ ಈ ಜಾಗ ಸಾಹಸಿಗಳಿಗೆ ತೀರ್ಥಕ್ಷೇತ್ರ, ಎಚ್ಚರ ತಪ್ಪಿದವರಿಗೆ ಅಪಾಯದ ಕೂಪ.

ಅದೇ ಬಂದರಿನ ಬಾಯಿಯ ಆಚೆ ದಡದಲ್ಲಿ ಕೊರೊನಾ ಡೆಲ್ ಮಾರ್. ಅಲ್ಲಿ ಬಂಡೆಗಳ ನಡುವೆ ‘ಪೈರೇಟ್ಸ್ ಕೋವ್’ ಎಂಬ ಸಣ್ಣ ಕೊಲ್ಲಿಯಿದೆ, ನೀರು ಶಾಂತ. 1960ರ ದಶಕದ ಕೊನೆಯಿಂದ ಸಾವಿರಾರು ಯುವಕ ಯುವತಿಯರು ಇಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ದೀಕ್ಷಾಸ್ನಾನ ಪಡೆದರು. ಪಕ್ಕದ ಕೋಸ್ಟಾ ಮೇಸಾದ ಕ್ಯಾಲ್ವರಿ ಚಾಪೆಲ್‌ನ ಸಭಾಪಾಲಕ ಚಕ್ ಸ್ಮಿತ್, ಬರಿಗಾಲಲ್ಲಿ ಉದ್ದಕೂದಲು ಬಿಟ್ಟು ಬಂದ ಹಿಪ್ಪಿ ಹುಡುಗರಿಗೆ ತಮ್ಮ ಸಭೆಯ ಬಾಗಿಲು ತೆರೆದಿದ್ದರು. ಸ್ವತಃ ಹಿಪ್ಪಿಯಾಗಿದ್ದ ಲಾನಿ ಫ್ರಿಸ್ಬಿ ಅವರಿಗೆ ಜೊತೆಯಾದ. ‘ಜೀಸಸ್ ಮೂವ್‌ಮೆಂಟ್’ ಎಂದು ಹೆಸರಾದ ಈ ಅಲೆ 1971ರಲ್ಲಿ ಟೈಮ್ ಪತ್ರಿಕೆಯ ಮುಖಪುಟವೇರಿತು. 2023ರಲ್ಲಿ ಇದೇ ಕಥೆ ‘ಜೀಸಸ್ ರೆವಲ್ಯೂಷನ್’ ಎಂಬ ಚಿತ್ರವಾಯಿತು.

ಹಾಗಾಗಿ ಟಾಡ್ ನೆಲದಿಂದಲೇ ಚಿಗುರಿದ ಪಾತ್ರ. ಗಿಟಾರು, ಸರ್ಫಿಂಗ್ ಹಲಗೆ, ಬೈಬಲ್ ಮೂರೂ ಒಂದೇ ವ್ಯಾನಿನಲ್ಲಿ ಓಡಾಡಿದ ಕರಾವಳಿ ಅದು. ಅಲೆ ಮತ್ತು ಭಕ್ತಿಯ ಈ ನೆಂಟಸ್ತಿಕೆ ನಮಗೂ ತೀರ ಅಪರಿಚಿತವಲ್ಲ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಭಾರತದ ಮೊದಲ ಸರ್ಫಿಂಗ್ ಕ್ಲಬ್ ಶುರುವಾದದ್ದು 2004ರಲ್ಲಿ, ಕೃಷ್ಣಭಕ್ತರ ಆಶ್ರಮವೊಂದರ ಅಂಗಳದಲ್ಲಿ. ಕಾವಿಯುಟ್ಟ ಸ್ವಾಮಿಗಳು ಅಲೆಯೇರುವುದನ್ನು ಕಂಡ ಮೂಲ್ಕಿಯವರಿಗೆ ಟಾಡ್ ಅರ್ಥವಾಗುತ್ತಾನೆ.

ರಜೆಗಾಗಿ ಹುಟ್ಟಿದ ಪುಸ್ತಕ

ಕ್ರೈಸ್ತ ಪ್ರೇಮಕಥೆಗೂ ರಜೆಗೂ ಇರುವ ನಂಟು ಗನ್ ಅವರಿಗಿಂತ ನೂರು ವರ್ಷ ಹಳೆಯದು. ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ 1865ರಲ್ಲಿ ನ್ಯೂಯಾರ್ಕ್ ರಾಜ್ಯದ ವೆಲ್ಸ್‌ವಿಲ್‌ನಲ್ಲಿ ಹುಟ್ಟಿದರು. ತಂದೆ ಸಭಾಪಾಲಕ. ಕುಟುಂಬ ಫ್ಲಾರಿಡಾಕ್ಕೆ ಬಂದ ಮೇಲೆ ಬೇಸಿಗೆಯಲ್ಲಿ ಶಟಾಕ್ವಾ ಸರೋವರದ ದಡಕ್ಕೆ ಹೋಗಬೇಕೆಂಬ ಆಸೆ. ಚರ್ಚಿನ ಸಂಡೇ ಸ್ಕೂಲ್ ಶಿಕ್ಷಕರಿಗಾಗಿ 1874ರಲ್ಲಿ ಶುರುವಾದ ಬೇಸಿಗೆ ಕೂಟ ಅಲ್ಲಿ ನಡೆಯುತ್ತಿತ್ತು. ಉಪನ್ಯಾಸ, ಹಾಡು, ದೋಣಿವಿಹಾರ, ಪ್ರಾರ್ಥನೆ ಎಲ್ಲವೂ ಒಂದೇ ಕಡೆ. ಮನೆಯಲ್ಲಿ ಪ್ರಯಾಣಕ್ಕೆ ಹಣವಿರಲಿಲ್ಲ. ಇಪ್ಪತ್ತರ ಆಸುಪಾಸಿನ ಮಗಳು ಒಂದು ಪುಟ್ಟ ಪುಸ್ತಕ ಬರೆದಳು. ‘ಎ ಶಟಾಕ್ವಾ ಐಡಿಲ್’ 1887ರಲ್ಲಿ ಅಚ್ಚಾಯಿತು. ಅದರ ದುಡ್ಡಿನಲ್ಲಿ ಇಡೀ ಮನೆ ರಜೆಗೆ ಹೋಯಿತು.

ರಜೆಯ ಬಗ್ಗೆ ಬರೆದವರು ಬಹಳ ಮಂದಿ. ಬರೆದು ರಜೆಯನ್ನೇ ಸಂಪಾದಿಸಿ ಮನೆಯವರಿಗೆ ಉಡುಗೊರೆ ಕೊಟ್ಟ ಈ ಮಗಳು ನನಗೆ ಅವರೆಲ್ಲರಿಗಿಂತ ಹತ್ತಿರ. 1899ರಲ್ಲಿ ಗಂಡ ತೀರಿಕೊಂಡು ಇಬ್ಬರು ಹೆಣ್ಣುಮಕ್ಕಳ ಹೊಣೆ ಹೆಗಲೇರಿದಾಗ ಅದೇ ಲೇಖನಿ ಅವರಿಗೆ ಅನ್ನವಾಯಿತು. 1947ರಲ್ಲಿ ಕಣ್ಣುಮುಚ್ಚುವ ಹೊತ್ತಿಗೆ ಅವರು ಬರೆದ ಪುಸ್ತಕಗಳು ನೂರು ದಾಟಿದ್ದವು. ಒಳ್ಳೆಯ ಹುಡುಗಿ, ಕಷ್ಟ, ನಂಬಿಕೆ, ಕೊನೆಯಲ್ಲಿ ಮದುವೆ. ಈ ಜಾಡನ್ನು ಅಮೆರಿಕದ ಓದುಗರಿಗೆ ಗಟ್ಟಿಯಾಗಿ ತುಳಿದು ಕೊಟ್ಟವರು ಅವರೇ.

ಕಡಲತೀರದಲ್ಲೂ ಇಂಥದ್ದೇ ಪ್ರಯೋಗಗಳು ನಡೆದಿದ್ದವು. ನ್ಯೂಜೆರ್ಸಿಯ ಓಷನ್ ಗ್ರೋವ್‌ನಲ್ಲಿ 1869ರಲ್ಲಿ ಮೆಥಡಿಸ್ಟರು ಬೇಸಿಗೆಯ ಪ್ರಾರ್ಥನಾ ಶಿಬಿರ ಹೂಡಿದರು. ಡೇರೆಗಳ ಸಾಲು, ಮುಂದೆ ಸಮುದ್ರ, ನಡುವೆ 1894ರಲ್ಲಿ ಎದ್ದ ಮರದ ಮಹಾಸಭಾಂಗಣ. ನೂರಕ್ಕೂ ಹೆಚ್ಚು ಕುಟುಂಬಗಳು ಈಗಲೂ ಬೇಸಿಗೆಯಲ್ಲಿ ಆ ಡೇರೆಗಳಲ್ಲಿ ಬಂದು ಇರುತ್ತವೆ. ಅದೇ ಕರಾವಳಿಯಲ್ಲಿ ಮೆಥಡಿಸ್ಟ್ ಸಭಾಪಾಲಕರಾಗಿದ್ದ ಲೇಕ್ ಸಹೋದರರು 1879ರಲ್ಲಿ ಕಟ್ಟಿದ ಓಷನ್ ಸಿಟಿಯಲ್ಲಿ ಇಂದಿಗೂ ಮದ್ಯ ಮಾರುವಂತಿಲ್ಲ. ಅಲ್ಲಿಗೆ ಬರುವ ಕುಟುಂಬಗಳು ಅದನ್ನು ಕೊರತೆ ಎಂದು ಎಣಿಸುವುದಿಲ್ಲ. ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬಹುದಾದ ಕಡಲೂರು ಎಂದು ಹುಡುಕಿಕೊಂಡೇ ಬರುತ್ತವೆ.

ವಿಶ್ರಾಂತಿಯೂ ಒಂದು ಆರಾಧನೆ ಎಂಬ ನಂಬಿಕೆ ಈ ಊರುಗಳ ತಳಪಾಯ. ಏಳನೆಯ ದಿನ ಕೆಲಸ ನಿಲ್ಲಿಸು ಎಂಬ ಬೈಬಲ್ಲಿನ ಆಜ್ಞೆಯನ್ನು ಇವುಗಳನ್ನು ಕಟ್ಟಿದವರು ಕಡಲ ದಂಡೆಗೆ ತಂದರು. ಅಡುಗೆ, ಕಚೇರಿ, ಶಾಲೆ, ಸಾಲ ಎಲ್ಲದರ ಸದ್ದು ನಿಂತಾಗ ಕೇಳುವ ಪ್ರಶ್ನೆಗಳೇ ಬೇರೆ. ನಾನು ಯಾರನ್ನು ಪ್ರೀತಿಸಲಿ, ಯಾರನ್ನು ನಂಬಲಿ? ಪ್ರೇಮಕಥೆ ರಜೆಯ ತಾಣವನ್ನೇ ಮತ್ತೆ ಮತ್ತೆ ಆರಿಸಿಕೊಳ್ಳುವುದು ಇದಕ್ಕಾಗಿಯೇ.

ಮೂರನೆಯ ಎಳೆ

ಇಂದಿನ ಕ್ರೈಸ್ತ ಪ್ರೇಮ ಕಾದಂಬರಿಯ ಕಾಲ 1979ರಿಂದ ಶುರುವಾಗುತ್ತದೆ. ಆ ವರ್ಷ ಕೆನಡಾದ ಜಾನೆಟ್ ಓಕ್ ಬರೆದ ‘ಲವ್ ಕಮ್ಸ್ ಸಾಫ್ಟ್‌ಲಿ’ಯನ್ನು ಮಿನೆಸೋಟಾದ ಬೆಥನಿ ಹೌಸ್ ಪ್ರಕಟಿಸಿತು. ಗಾಡಿಗಳಲ್ಲಿ ಪಶ್ಚಿಮಕ್ಕೆ ವಲಸೆ ಹೊರಟವರ ಕಾಲದ ಕಥೆ. ಗಂಡನನ್ನು ಕಳೆದುಕೊಂಡ ಬಸುರಿ, ಹೆಂಡತಿಯನ್ನು ಕಳೆದುಕೊಂಡ ರೈತ, ತಾಯಿಯಿಲ್ಲದ ಮಗು. ಪುಸ್ತಕ ಹತ್ತು ಲಕ್ಷ ಪ್ರತಿಗಳನ್ನು ದಾಟಿತು. ಕಥೆ ಎಂದರೆ ಸುಳ್ಳು ಎಂದು ಮೂಗು ಮುರಿಯುತ್ತಿದ್ದ ಧರ್ಮಗ್ರಂಥದಂಗಡಿಗಳ ಕಪಾಟಿನಲ್ಲಿ ಕಾದಂಬರಿಗೆ ಜಾಗ ಸಿಕ್ಕಿತು. 1997ರಲ್ಲಿ ಪ್ರೇಮಕಥೆಗಳ ದೊಡ್ಡ ಪ್ರಕಾಶನವಾದ ಹಾರ್ಲೆಕ್ವಿನ್ ಕೂಡ ‘ಲವ್ ಇನ್‌ಸ್ಪೈರ್ಡ್’ ಎಂಬ ಮಾಲೆ ಆರಂಭಿಸಿತು.

ಈ ಕಾದಂಬರಿಗಳಿಗೆ ಕಟ್ಟುಪಾಡುಗಳಿವೆ. ಮದುವೆಗೆ ಮುಂಚಿನ ದೇಹಸಂಬಂಧವನ್ನು ವರ್ಣಿಸುವಂತಿಲ್ಲ. ಬೈಗುಳ ಬೇಡ. ಇಬ್ಬರ ಪ್ರೀತಿಯ ಎಳೆಗಳ ಜೊತೆ ಮೂರನೆಯ ಎಳೆಯೊಂದು ಹೆಣೆದುಕೊಳ್ಳಬೇಕು: ದೇವರ ಜೊತೆ ಅವರಿಬ್ಬರ ಲೆಕ್ಕಾಚಾರ. ಕಟ್ಟುಪಾಡು ಇದ್ದರೆ ಕಲೆ ಸಾಯುತ್ತದೆ ಎನ್ನುವವರಿದ್ದಾರೆ. ಷಟ್ಪದಿಯ ಆರು ಸಾಲುಗಳಲ್ಲಿ ಕುಮಾರವ್ಯಾಸನನ್ನು ಓದಿದ ನಾವು ಆ ಮಾತನ್ನು ಸುಲಭಕ್ಕೆ ಒಪ್ಪಲಾರೆವು. ದೇಹವನ್ನು ಬಾಗಿಲಾಚೆ ನಿಲ್ಲಿಸಿದಾಗ ಬರಹಗಾರರು ಸಣ್ಣ ಸನ್ನೆಗಳ ಮೊರೆ ಹೋಗಬೇಕಾಗುತ್ತದೆ. ಕೈಗೆ ಕೈ ತಾಗಿದ್ದು, ಉತ್ತರ ಬರೆಯದ ಕಾಗದ, ತನಗಾಗಿ ಎತ್ತಿಟ್ಟ ಜಾಗ. ಒಂದು ಮುತ್ತು ಇಡೀ ಪುಸ್ತಕದ ಕೊನೆಯವರೆಗೆ ಕಾದು ಬಂದರೆ ಅದಕ್ಕೊಂದು ಬೆಲೆ ಬರುತ್ತದೆ.

ನಗುವಿಗೂ ಇಲ್ಲಿ ಬರವಿಲ್ಲ. ಡೆನಿಸ್ ಹಂಟರ್ ಬರೆದ, 2008ರ ‘ದ ಕನ್ವೀನಿಯಂಟ್ ಗ್ರೂಮ್’ ನಡೆಯುವುದು ಮ್ಯಾಸಚೂಸೆಟ್ಸ್ ಕರಾವಳಿಯಾಚೆಯ ನಾಂಟಕೆಟ್ ದ್ವೀಪದಲ್ಲಿ. ತಕ್ಕ ಗಂಡನನ್ನು ಆರಿಸುವುದು ಹೇಗೆಂದು ಊರಿಗೆಲ್ಲ ಬುದ್ಧಿ ಹೇಳುವ ಸಲಹೆಗಾರ್ತಿ ಕೇಟ್. ಆ ವಿಷಯದ ಅವಳ ಪುಸ್ತಕ ಹೊರಬರುವ ಹೊತ್ತಿಗೆ ಸರಿಯಾಗಿ ಮದುವೆಯ ದಿನವೇ ಮದುಮಗ ಕೈಕೊಡುತ್ತಾನೆ. ಮರದ ಪೀಠೋಪಕರಣ ಮಾಡುವ ಲೂಕಸ್ ತಾನೇ ವರನಾಗಿ ನಿಲ್ಲುತ್ತೇನೆ ಎನ್ನುತ್ತಾನೆ. ಅನುಕೂಲಕ್ಕಾಗಿ ಆದ ಮದುವೆ ಪ್ರೀತಿಯಾಗಿ ಹಣ್ಣಾಗುವುದನ್ನು ನೋಡಲು ಕನ್ನಡ ಓದುಗರಿಗೆ ವಿವರಣೆ ಬೇಕಿಲ್ಲ. ಮೊದಲು ತಾಳಿ, ಆಮೇಲೆ ಪರಿಚಯ ಎಂದು ಬಾಳಿದ ತಲೆಮಾರು ನಮ್ಮ ಮನೆಗಳಲ್ಲೇ ಇದೆ. ಐರಿನ್ ಹ್ಯಾನನ್ 2015ರಲ್ಲಿ ಆರಂಭಿಸಿದ ‘ಹೋಪ್ ಹಾರ್ಬರ್’ ಸರಣಿಗೆ ಆರೆಗಾನ್ ಕರಾವಳಿಯ ಕಲ್ಪಿತ ಊರೊಂದು ನೆಲೆ. ಅಲ್ಲಿ ಮೀನಿನ ಟ್ಯಾಕೊ ಮಾಡಿ ಮಾರುವ ಚಾರ್ಲಿ ಗಿರಾಕಿಗಳ ಮನಸ್ಸಿನ ಗಂಟನ್ನೂ ಮೆಲ್ಲಗೆ ಬಿಡಿಸುತ್ತಾನೆ. ಫ್ಲಾಯ್ಡ್, ಗ್ಲ್ಯಾಡಿಸ್ ಎಂಬ ಎರಡು ಕಡಲಹಕ್ಕಿಗಳಿಗೂ ಕಥೆಯಲ್ಲಿ ಪಾತ್ರವಿದೆ.

ಮಾತು ಹೊರೆಯಾದಾಗ

ಈ ಲೋಕವನ್ನು ಮೆಚ್ಚುವವರು ಅದರ ಗಾಯವನ್ನೂ ನೋಡಬೇಕು. 1993ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು ‘ಟ್ರೂ ಲವ್ ವೇಟ್ಸ್’ ಎಂಬ ಚಳವಳಿ ಶುರುಮಾಡಿದರು. ಮದುವೆಯವರೆಗೆ ಶುದ್ಧರಾಗಿರುತ್ತೇವೆ ಎಂದು ಹದಿಹರೆಯದವರಿಂದ ಸಹಿ ಹಾಕಿಸಿಕೊಂಡರು. 1997ರಲ್ಲಿ ಬಂದ ಜೋಶುವಾ ಹ್ಯಾರಿಸ್‌ನ ‘ಐ ಕಿಸ್ಡ್ ಡೇಟಿಂಗ್ ಗುಡ್‌ಬೈ’ ಹುಡುಗ ಹುಡುಗಿಯರ ಪ್ರೇಮದ ಭೇಟಿಗಳನ್ನೇ ಬಿಡಿ ಎಂದಿತು. ಆ ಕಾಲದಲ್ಲಿ ಬೆಳೆದ ಅನೇಕ ಹೆಣ್ಣುಮಕ್ಕಳು ಮುಂದೆ ತಮ್ಮ ದೇಹದ ಬಗ್ಗೆಯೇ ಭಯ, ನಾಚಿಕೆ, ಅಪರಾಧಭಾವ ಹೊತ್ತು ನಡೆದದ್ದನ್ನು ಹೇಳಿಕೊಂಡಿದ್ದಾರೆ. ಹುಡುಗನ ಮನಸ್ಸು ಕೆಟ್ಟರೂ ಹೊಣೆ ಹುಡುಗಿಯ ಬಟ್ಟೆಯ ಮೇಲೆ ಬಿತ್ತು. ಹ್ಯಾರಿಸ್ 2018ರಲ್ಲಿ ತನ್ನ ಪುಸ್ತಕದಿಂದಾದ ನೋವಿಗೆ ಕ್ಷಮೆ ಕೇಳಿ ಅದರ ಮುದ್ರಣ ನಿಲ್ಲಿಸಿದ.

ಈ ನೋವು ದೊಡ್ಡದು, ಅದನ್ನು ಹೇಳಿದವರ ಮಾತನ್ನು ಪೂರ್ತಿ ಕೇಳಬೇಕು. ಕ್ರೈಸ್ತ ಪ್ರೇಮಕಥೆಗಳಲ್ಲೂ ಆ ಭಯದ ನೆರಳು ಬಿದ್ದ ಪುಟಗಳಿವೆ; ಬೋಧನೆ ಕಥೆಯನ್ನು ನುಂಗಿದ ಪುಸ್ತಕಗಳೂ ಇವೆ. ನಾನು ಒಂದು ಪುಸ್ತಕವನ್ನು ತೂಗುವುದು ಹೀಗೆ: ಅಲ್ಲಿನ ಹುಡುಗಿ ಮಾತು ಕೊಡುವುದು ಹೆದರಿಯೋ ಒಲಿದೋ? ಹೆದರಿ ಕೊಟ್ಟ ಮಾತು ಬೇಲಿಯಾಗುತ್ತದೆ, ಬೇಲಿಯಾಚೆಯದೇ ಹಗಲಿರುಳೂ ಧ್ಯಾನವಾಗುತ್ತದೆ. ಒಲಿದು ಕೊಟ್ಟದ್ದಾದರೆ ಅದು ಮನೆಯಾಗುತ್ತದೆ. ಎಡವಿದವಳಿಗೂ ಆ ಮನೆಯ ಬಾಗಿಲು ತೆರೆದಿರುತ್ತದೆ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ ಅಲ್ಲವೇ? ಈ ಬಗೆಯ ಕಾದಂಬರಿಗಳಲ್ಲಿ ಬಾಳುವಂಥವು ಕೃಪೆಯ ಮೇಲೆ ನಿಂತವು.

ನಮ್ಮ ಮನೆಯ ಕಪಾಟು

ಮನೆಮಂದಿಯೆಲ್ಲ ಕೈಬದಲಿಸಿ ಓದಬಹುದಾದ ಪ್ರೇಮಕಥೆಯ ರುಚಿ ಕನ್ನಡಕ್ಕೆ ಹಳೆಯದು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರ ಕಾದಂಬರಿಗಳು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಮನೆಗೆ ಬಂದು ಅಜ್ಜಿ, ತಾಯಿ, ಮಗಳು ಮೂವರ ದಿಂಬಿನ ಕೆಳಗೂ ಮಲಗಿ ಹೋಗುತ್ತಿದ್ದವು. ಮಂಗಳೂರಿನ ಕಥೋಲಿಕ ಮನೆಗಳಲ್ಲಿ 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆ, ಕನ್ನಡ ಲಿಪಿಯ ಕೊಂಕಣಿಯಲ್ಲಿ ಧಾರಾವಾಹಿಗಳನ್ನು ಉಣಿಸಿತು. ಈ ಓದು ಯಾರ ಬದುಕನ್ನೂ ಹಗುರ ಮಾಡಲಿಲ್ಲ ಎಂದು ಯಾರು ಹೇಳಬಲ್ಲರು? ದಿನದ ಭಾರ ಇಳಿಸಿ, ಒಳ್ಳೆಯತನದ ಮೇಲೆ ನಂಬಿಕೆ ಉಳಿಸಿ, ಮರುದಿನದ ಒಲೆಗೆ ಕೈ ಹಚ್ಚುವ ಚೈತನ್ಯ ಕೊಟ್ಟ ಪುಸ್ತಕಗಳ ಋಣ ನಮ್ಮ ಮೇಲಿದೆ.

ಗನ್ ತಮ್ಮ ಹುಡುಗಿಯನ್ನು ಕಡಲತೀರದಲ್ಲೇ ಬಿಟ್ಟು ಬರಲಿಲ್ಲ. ಕ್ರಿಸ್ಟಿ ಕಾಲೇಜಿಗೆ ಹೋದಳು. ಟಾಡ್‌ನಿಂದ ದೂರವಾಗಿ ಮತ್ತೆ ಹತ್ತಿರವಾದಳು. ಅವರಿಬ್ಬರ ಮದುವೆಯ ಪುಸ್ತಕ ಬಂದದ್ದು 2001ರಲ್ಲಿ; ಅದರ ಹೆಸರು ‘ಐ ಪ್ರಾಮಿಸ್’. 2014ರಿಂದ ದಾಂಪತ್ಯದ ಕಥೆಗಳೂ ಬಂದವು. ಮೊದಲ ಪುಸ್ತಕವನ್ನು ಹದಿನಾಲ್ಕರ ಪ್ರಾಯದಲ್ಲಿ ಓದಿದ ಹುಡುಗಿ ಮದುವೆಯ ಪುಸ್ತಕ ಬಂದಾಗ ಇಪ್ಪತ್ತೇಳರವಳು. ನಾಯಕಿಗಿಂತ ಮೊದಲೇ ಅವಳ ಮದುವೆಯಾಗಿರಲೂ ಸಾಕು.

ಹದಿಮೂರು ವರ್ಷ ಕಾದು ಬಂದ ಆ ಎರಡನೆಯ ಹೆಸರನ್ನು ಮೊದಲಿನ ಹೆಸರಿನ ಪಕ್ಕ ಇಟ್ಟು ನೋಡುತ್ತೇನೆ. ‘ಸಮ್ಮರ್ ಪ್ರಾಮಿಸ್’ ಎಂದಾಗ ಅದು ಬೇಸಿಗೆಯದಷ್ಟೇ ಮಾತು. ‘ಐ ಪ್ರಾಮಿಸ್’ ಎನ್ನುವಾಗ ಬೇಸಿಗೆ ಬಿದ್ದುಹೋಗಿದೆ, ನಾನು ಉಳಿದಿದ್ದೇನೆ, ಮಾತು ಉಳಿದಿದೆ. ನಡುರಸ್ತೆಯಲ್ಲಿ ಸಿಕ್ಕ ಹೂ ಎಂದೋ ಒಣಗಿತು. ಅದನ್ನು ಡಬ್ಬಿಯಲ್ಲಿ ಎತ್ತಿಟ್ಟ ಕೈಗಳೇ ಕೊನೆಗೆ ಉಂಗುರಕ್ಕೆ ಬೆರಳು ಚಾಚಿದವು.